ಕೆಂಪು ಬಟನ್ನಿನ ದೊಡ್ಡಪ್ಪ

ವಾರದ ಐದು ದಿನ ನಾನು ಹೊಸಪೇಟೆಯ ಮಂದಿಯ ಗೋಡೆಗೆ ಟಿವಿ ಜಡಿಯುತ್ತೇನೆ. ಉಳಿದೆರಡು ದಿನ ಮದುವೆ ಮನೆಗಳಲ್ಲಿ ಮೈಕು ಹಿಡಿದು ಮಂದಿಯ ದನಿ ಕದಿಯುತ್ತೇನೆ. ಬಸ್ ಕಂಡಕ್ಟರು, ಹಂಪಿಯ ಗೈಡು, ನಮ್ಮ ಶಾಲೆಯ ಹೆಡ್ಮಾಸ್ತರು, ಕೆಟ್ಟು ನಿಂತ ಮಿಕ್ಸಿ, ಎಮ್ಮೆ, ಏನು ಬೇಕಾದರೂ ಮಾಡುತ್ತೇನೆ. ಎಮ್ಮೆಯದೊಂದನ್ನು ಮಾತ್ರ ನಾನು ಕಲಿಯಬೇಕಾಗಿ ಬರಲಿಲ್ಲ, ಹುಟ್ಟಿದಾಗಲೇ ಬರುತ್ತಿತ್ತು ಎನ್ನುತ್ತಾಳೆ ನಮ್ಮ ಅವ್ವ.

ಆದರೆ ನನಗೆ ಹೆಸರು ತಂದುಕೊಟ್ಟ ಐಟಂ ಒಂದೇ. ಅದು ಕಂಪ್ಲಿಯ ನಮ್ಮ ದೊಡ್ಡಪ್ಪನದು. ಅಪ್ಪನ ಖಾಸ ಅಣ್ಣ, ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಗಿರಣಿ ಓಡುತ್ತಿರುವಾಗ ಪಕ್ಕದಲ್ಲಿ ನಿಂತವನ ಮಾತೇ ಕೇಳುವುದಿಲ್ಲ. ದೊಡ್ಡಪ್ಪನ ದನಿ ಮಾತ್ರ ಆ ಗದ್ದಲದ ಹೆಗಲ ಮೇಲೆ ಹತ್ತಿ ನಿಂತು ಲಾರಿಯವನ ತನಕ ಹೋಗುತ್ತಿತ್ತು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅದನ್ನು ಹಿಡಿದೆ. ಒಂದು ಕೆನ್ನೆಗೆ ಹುಣಸೆಹಣ್ಣು ತುಂಬಿಕೊಳ್ಳಬೇಕು. ಅರ್ಧ ಮೂಗಿನಿಂದ, ಅರ್ಧ ಹೊಟ್ಟೆಯಿಂದ ದನಿ ತೆಗೆಯಬೇಕು. ಕೊನೆಯ ಸ್ವರವನ್ನು ಬಸ್ಸಿನ ಹಾರ್ನಿನಂತೆ ಎಳೆಯಬೇಕು. ಅವನು ಹೆಂಡತಿಯನ್ನು ಕರೆಯುವ ಜಾಗ ಬಂತೆಂದರೆ ಮಂದಿ ಕುರ್ಚಿಯಿಂದ ಜಾರುತ್ತಿದ್ದರು.

“ಏ ಇವ್ಳಾ…! ಎಲ್ಲಿ ಹೋದೀ…!”

ಮೊದಮೊದಲು ಅಷ್ಟು ಎಳೆಯುತ್ತಿರಲಿಲ್ಲ. ನಕ್ಕರು, ಇನ್ನಷ್ಟು ಎಳೆದೆ. ಮತ್ತೂ ನಕ್ಕರು, ಮತ್ತೂ ಎಳೆದೆ. ನಗುವ ಮಂದಿಯ ಎದುರು ನಾನು ಯಾವತ್ತೂ ಜಿಪುಣನಾದವನಲ್ಲ.

ಆ ದೊಡ್ಡಪ್ಪನ ಗಂಟಲಲ್ಲಿ ಗಡ್ಡೆ ಸಿಕ್ಕಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಎಲ್ಲರೂ ಗೋಡೆ ನೋಡುತ್ತ ಕುಳಿತಿದ್ದರು. ನನಗೆ ಅಂಥ ಮೌನ ತಡೆಯಲಾಗುವುದಿಲ್ಲ, ತುರಿಕೆ ಬಂದಂತಾಗುತ್ತದೆ. ಎದ್ದು ನಿಂತು ದೊಡ್ಡಪ್ಪನೆದುರೇ ದೊಡ್ಡಪ್ಪನನ್ನು ಮಾಡಿದೆ. ನರ್ಸನ್ನು ಅವನ ದನಿಯಲ್ಲಿ ಬೈದೆ, ಗ್ಲೂಕೋಸ್ ಬಾಟಲಿಗೆ ಮೂಟೆ ಹೊರಲು ಬಾ ಎಂದು ಕೂಗಿದೆ. ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ದೊಡ್ಡಪ್ಪ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ನಕ್ಕ.

“ನನ್ನ ದನಿ ನಿನ್ನ ಹತ್ರ ಐತಲ್ಲೋ ಮಗನ,” ಅಂದ. “ಬಿಡು, ನನಗ್ಯಾಕ ಚಿಂತಿ.”

ಮರುದಿನ ಬೆಳಿಗ್ಗೆ ಅದನ್ನು ತೆಗೆದರು.

ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಊರಿಗೆಲ್ಲ ಸ್ಪೀಕರು ಮಾರುವ ನನ್ನ ತಲೆಗೂ ಹೊಳೆದಿರಲಿಲ್ಲ. ಆಮೇಲೆ ಮನೆಯವರ ಫೋನುಗಳನ್ನೆಲ್ಲ ಜಾಲಾಡಿದೆವು. ನೂರಾರು ಫೋಟೋದಲ್ಲಿ ದೊಡ್ಡಪ್ಪ ಬಾಯಿ ಮುಚ್ಚಿಕೊಂಡು ನೆಟ್ಟಗೆ ನಿಂತಿದ್ದ. ಒಂದೇ ಒಂದು ವಿಡಿಯೋದಲ್ಲಿ ಬಾಯಿ ಆಡಿಸುತ್ತಿದ್ದ. ಅದರಲ್ಲಿ ಬ್ಯಾಂಡಿನವರು ಅವನ ಕಿವಿಯ ಬುಡದಲ್ಲೇ ಬಾರಿಸುತ್ತಿದ್ದರು.

ಮನೆಗೆ ಬಂದ ಮೇಲೆ ದೊಡ್ಡಪ್ಪ ಪಡಸಾಲೆಯ ಮರದ ಕುರ್ಚಿಯಲ್ಲಿ ಕೂತ. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ದೊಡ್ಡವ್ವ ದಿನಾ ಬೆಳಿಗ್ಗೆ ಅದನ್ನು ಬದಲಿಸಿ ಕಟ್ಟುತ್ತಿದ್ದಳು. ಏನಾದರೂ ಬೇಕಾದರೆ ಬಾರಿಸು ಎಂದು ತಾಟು, ಚಮಚ ಕೊಟ್ಟರು. ಎರಡನ್ನೂ ಕಿಟಕಿಯಿಂದ ಆಚೆ ಎಸೆದ. ನಾಲ್ಕನೇ ತರಗತಿಯ ಅಕ್ಷರದಲ್ಲಿ ಕ್ಯಾಲೆಂಡರಿನ ಹಿಂಬದಿಗೆ ಬರೆದು ತೋರಿಸುತ್ತಿದ್ದ. ಅವನು ‘ನೀರು’ ಎಂದು ಬರೆದು ಮುಗಿಸುವಷ್ಟರಲ್ಲಿ ನಾವು ಚಹಾ ತಂದುಕೊಟ್ಟಿರುತ್ತಿದ್ದೆವು. ಫೋನಿನ ಪರದೆ ಮುಟ್ಟಿ ಮಾತಾಡಿಸುವ ಆ್ಯಪು ತೋರಿಸಿದೆ. ಮೂವತ್ತು ವರ್ಷ ಮೂಟೆಗೆ ಕೊಕ್ಕೆ ಹಾಕಿ ಎಳೆದ ಬೆರಳು, ಜಡ್ಡುಗಟ್ಟಿ ಹೋಗಿತ್ತು. ಎಷ್ಟು ಒತ್ತಿದರೂ ಅಲ್ಲೊಂದು ಬೆರಳಿದೆ ಎಂದೇ ಫೋನು ಒಪ್ಪಲಿಲ್ಲ.

ಆಗ ನನ್ನ ಕಣ್ಣಿಗೆ ಬಿದ್ದದ್ದು ರಿಮೋಟು.

ಆ ಮನೆಯ ಟಿವಿಯ ಕೆಳಗೆ ನಾನೇ ಮಾಡಿಟ್ಟ ಒಂದು ಬಾಕ್ಸಿತ್ತು. ಅಂಗೈಯಗಲದ ಪುಟ್ಟ ಕಂಪ್ಯೂಟರು. ದೊಡ್ಡವ್ವನ ಧಾರಾವಾಹಿ, ವಚನ, ಹಳೆಯ ಸಿನಿಮಾ ಎಲ್ಲ ಅದರಲ್ಲೇ. ಅದರ ರಿಮೋಟಿನಲ್ಲಿ ನಲವತ್ತು ಚಿಲ್ಲರೆ ಬಟನ್ನುಗಳಿದ್ದವು. ದೊಡ್ಡವ್ವ ಬಳಸುತ್ತಿದ್ದದ್ದು ಐದು. ಮಧ್ಯದ ಕೆಂಪು, ಹಸಿರು, ಹಳದಿ, ನೀಲಿ ಬಟನ್ನುಗಳಂತೂ ಯಾಕಿವೆ ಎಂದು ಕಂಪ್ಲಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಈ ಬಾಕ್ಸಿನ ಚಂದವೆಂದರೆ ಯಾವ ಬಟನ್ನು ಏನು ಮಾಡಬೇಕು ಎಂದು ಹೇಳುವ ಪಟ್ಟಿಯೊಂದು ಅದರೊಳಗೇ ಇರುತ್ತದೆ. ಪಟ್ಟಿ ತಿದ್ದಿದರೆ ಬಟನ್ನಿನ ಬುದ್ಧಿಯೂ ಬದಲಾಗುತ್ತದೆ. ದನಿ ಏರಿಸುವ ಬಟನ್ನಿಗೆ ಟಿವಿ ಆರಿಸಲು ಹೇಳಬಹುದು. ಮೂರನೇ ನಂಬರಿಗೆ ‘ನೀರ ಕೊಡು’ ಎನ್ನಲು ಹೇಳಬಹುದು.

ಯಾರ ದನಿಯಲ್ಲಿ ಎಂಬ ಪ್ರಶ್ನೆ ನನಗೆ ಬರಲೇ ಇಲ್ಲ. ವಾರ್ಡಿನಲ್ಲಿ ಅವನು ಹೇಳಿದ ಮಾತು ನನ್ನ ಪಾಲಿಗೆ ಉಯಿಲಿನಂತಿತ್ತು.

ನಾನು ಕೆಲಸ ಮಾಡುವ ಟಿವಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕಾರ್ಡ್‌ಬೋರ್ಡ್ ಪೆಟ್ಟಿಗೆಗಳ ನಡುವೆ ಕುಳಿತು, ಕೆನ್ನೆಗೆ ಹುಣಸೆಹಣ್ಣು ತುಂಬಿಕೊಂಡು, ಹದಿನಾಲ್ಕು ಮಾತು ರೆಕಾರ್ಡ್ ಮಾಡಿದೆ. ನಮ್ಮ ಸಾಹುಕಾರರು ಬಾಗಿಲಲ್ಲಿ ತಲೆ ಹಾಕಿ, “ನಿಮ್ಮ ದೊಡ್ಡಪ್ಪ ಯಾವಾಗ ಬಂದ್ರೋ? ಚಾ ತರಿಸಲೇನು?” ಅಂದರು. ಆ ದಿನ ನಾನು ಹೊಸಪೇಟೆಯ ಬೀದಿಯಲ್ಲಿ ನಡೆದದ್ದು ನೆಲದಿಂದ ಒಂದು ಗೇಣು ಮೇಲೆ.

ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ಕಮಲಾಪುರ ದಾಟಿ ಬುಕ್ಕಸಾಗರದ ಗದ್ದೆಗಳ ನಡುವೆ ಹೋಗುವಾಗಲೂ ಇಯರ್‌ಫೋನಿನಲ್ಲಿ ಅವೇ ಹದಿನಾಲ್ಕು ಮಾತು ಕೇಳುತ್ತ ಕುಳಿತಿದ್ದೆ. ಟಿವಿಯ ಪಕ್ಕದ ಗೋಡೆಗೆ ತೆಂಗಿನಕಾಯಿಯಷ್ಟು ದಪ್ಪದ ಸ್ಪೀಕರೊಂದನ್ನು ಜಡಿದೆ; ಟಿವಿ ಆರಿದ್ದರೂ ಮಾತು ಬರಲಿ ಎಂದು. ಬಟನ್ನುಗಳ ಪಕ್ಕ ಸಣ್ಣ ಚೀಟಿ ಅಂಟಿಸಿದೆ. ಹೆಚ್ಚು ಬೇಕಾಗುವುದು ಮೊದಲು ಇರಲಿ ಎಂದು ಒಂದನೇ ನಂಬರಿಗೆ ‘ಬ್ಯಾಡ’. ಎರಡಕ್ಕೆ ‘ಹೂಂ’. ಮೂರಕ್ಕೆ ನೀರು, ನಾಲ್ಕಕ್ಕೆ ಚಹಾ, ಐದಕ್ಕೆ ‘ಯಾರದು ಬಾಗಿಲಾಗ’, ಹೀಗೆ. ಕೆಂಪು ಬಟನ್ನಿಗೆ ದೊಡ್ಡವ್ವನನ್ನು ಕರೆಯುವುದು.

ದೊಡ್ಡಪ್ಪ ರಿಮೋಟನ್ನು ಅಂಗೈಯಲ್ಲಿ ತೂಗಿ ನೋಡಿ, ಮೂರನ್ನು ಒತ್ತಿದ.

“ನೀರ ಕೊಡಾ…!” ಎಂದಿತು ಗೋಡೆ.

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ದೊಡ್ಡವ್ವ ಓಡಿ ಬಂದಳು. ಪಕ್ಕದ ಮನೆಯ ಮುದುಕಿ ಕೈಯಲ್ಲಿದ್ದ ಮೊರದ ಸಮೇತ ಒಳಗೆ ನುಗ್ಗಿ, “ಬಂತೇನ್ರವಾ ದನಿ? ಬಂತೇನ?” ಎಂದು ಎಲ್ಲರ ಮುಖ ನೋಡಿದಳು. ದೊಡ್ಡಪ್ಪ ಮತ್ತೆ ಒತ್ತಿದ. ಮತ್ತೂ ಒತ್ತಿದ. ಕರೆದ ತಪ್ಪಿಗೆ ಮೂರು ಚೊಂಬು ನೀರು ಕುಡಿದ. ನಾನು ಸಂಜೆ ಬಸ್ಸಿಗೆ ಹೊರಟಾಗ ದೊಡ್ಡವ್ವ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು.

ಮೂರನೇ ದಿನ ಅವಳದೇ ಫೋನು. “ಏನ್ ಮಾಡಿಟ್ಟೀಯಲೇ? ಕೊಟ್ಟದ್ದೆಲ್ಲ ತಿನ್ನಾಕತ್ತಾರ. ಉಪ್ಪಿಟ್ಟು ಕಂಡ್ರ ಆಗದಿದ್ದವರು ಎರಡು ಸಲ ಹಾಕಿಸ್ಕೊಂಡ್ರು. ನಿನ್ನೆ ಹಾಗಲಕಾಯಿನೂ ಉಂಡ್ರು. ಅದರಾಗ ಏನರ ಮಂತ್ರ ಹಾಕೀಯೇನು?”

ಹೋಗಿ ನೋಡಿದೆ. ಒಂದನೇ ಬಟನ್ನನ್ನು ದೊಡ್ಡಪ್ಪ ಮುಟ್ಟೇ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಎಂಥ ಎಮ್ಮೆಯಲೇ ನೀನು ಎನ್ನುವಂತೆ ನೋಡಿ, ಕ್ಯಾಲೆಂಡರ್ ಹಾಳೆಯ ಮೇಲೆ ಬರೆದ: ‘ಒಂದು ಅಂದ್ರ ಲಾಭ.’

ತಲೆ ಚಚ್ಚಿಕೊಂಡೆ. ಕಣದಲ್ಲಾಗಲಿ ಗಿರಣಿಯಲ್ಲಾಗಲಿ ಭತ್ತ ಅಳೆಯುವವರು ಒಂದು ಎಂದು ಎಣಿಸುವುದಿಲ್ಲ. ಲಾಭ, ಎರಡು, ಮೂರು ಎಂದೇ ಶುರು. ಆಯುಷ್ಯವೆಲ್ಲ ಲಾಭ ಎಂದು ಬಾಯಿ ತೆರೆದ ಮನುಷ್ಯನ ಕೈಗೆ, ಮೊದಲ ಬಟನ್ನಿಗೆ ಬ್ಯಾಡ ಎಂದು ಅಂಟಿಸಿ ಕೊಟ್ಟಿದ್ದೆ. ಮನೆಯ ಲಾಭಕ್ಕೆ ಬ್ಯಾಡ ಅನ್ನುವುದಕ್ಕಿಂತ ಹಾಗಲಕಾಯಿ ತಿನ್ನುವುದೇ ವಾಸಿ ಎಂದು ಅವನು ತೀರ್ಮಾನಿಸಿದ್ದ. ‘ಬ್ಯಾಡ’ವನ್ನು ಒಂಬತ್ತಕ್ಕೆ ಕಳಿಸಿದೆ. ಒಂದಕ್ಕೆ ‘ಬರ್ರಿ, ಬರ್ರಿ, ಕುಂದ್ರಿ’ ಬಂತು. ಅವತ್ತು ರಾಗಿ ಗಂಜಿಯ ಬಟ್ಟಲು ಎದುರಿಗೆ ಬಂದ ಕೂಡಲೆ ದೊಡ್ಡಪ್ಪ ಒಂಬತ್ತನ್ನು ನಾಲ್ಕು ಸಲ ಒತ್ತಿದ. ನಾಲ್ಕು ಸಲವೂ ಗೋಡೆ ಒಂದೇ ಎಳೆತದಲ್ಲಿ, ಒಂದೇ ಜಾಗದಲ್ಲಿ ಉಸಿರು ಹಿಡಿದು, ಬ್ಯಾಡ ಎಂದಿತು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅಸಲಿ ತಪ್ಪು ಬೇರೆಯೇ ಇತ್ತು. ಅದು ಗೊತ್ತಾಗಲು ತಿಂಗಳ ಮೇಲಾಯಿತು.

ಮೊದಲ ದಿನ ಸ್ಪೀಕರು ಸರಿಯಾಗಿದೆಯೇ ನೋಡಲು, ಬಾಕ್ಸು ಶುರುವಾದ ಕೂಡಲೆ ಕೆಂಪು ಬಟನ್ನಿನ ಮಾತು ತಾನಾಗಿ ಬರಲಿ ಎಂದು ಒಂದು ಸಾಲು ಬರೆದಿದ್ದೆ. ಅಳಿಸುವುದನ್ನು ಮರೆತೆ. ಕರೆಂಟು ಹೋಗಿ ಬಂದರೆ ಬಾಕ್ಸು ಹೊಸದಾಗಿ ಶುರುವಾಗುತ್ತದೆ. ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗಿ ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಅದೊಂದು ಮಧ್ಯಾಹ್ನ ಊಟ ಮುಗಿಸಿ ನಾನು ಪಡಸಾಲೆಯ ಚಾಪೆಯ ಮೇಲೆ ಅಡ್ಡಾಗಿದ್ದೆ. ದೊಡ್ಡಪ್ಪ ತನ್ನ ಕುರ್ಚಿಯಲ್ಲಿದ್ದ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ರಿಮೋಟು ಕಿಟಕಿಯ ಕಟ್ಟೆಯ ಮೇಲಿತ್ತು, ದೊಡ್ಡಪ್ಪನ ಎರಡೂ ಕೈ ಮೊಣಕಾಲ ಮೇಲಿದ್ದವು. ಕರೆಂಟು ಬಂತು. ಗೋಡೆಯಲ್ಲಿ ಸಣ್ಣ ಕಿರ್ ಸದ್ದು.

“ಏ ಇವ್ಳಾ…! ಎಲ್ಲಿ ಹೋದೀ…!”

“ಬಂದೇರೀ,” ಎಂದಳು ದೊಡ್ಡವ್ವ ಒಳಗಿನಿಂದ. ಕೈ ಒರೆಸಿಕೊಳ್ಳುತ್ತ ಬಂದಳು. ಕುರ್ಚಿಯನ್ನು ದಾಟಿ ನೇರ ಸ್ಪೀಕರಿನ ಎದುರು ಹೋಗಿ ನಿಂತಳು. ಕುತ್ತಿಗೆ ಸ್ವಲ್ಪ ಮೇಲೆತ್ತಿ, ಮದುವೆಯಾದ ಹೊಸದರಲ್ಲಿ ಹೀಗೆಯೇ ನಿಂತಿರಬೇಕು ಅನ್ನಿಸುವ ಹಾಗೆ ಗೋಡೆಯನ್ನು ಕೇಳಿದಳು, “ಏನ್ರಿ?”

ಗೋಡೆ ಏನೂ ಹೇಳಲಿಲ್ಲ. ಅವಳು ಒಂದು ಗಳಿಗೆ ಕಾದು, ತಲೆಯಾಡಿಸಿ, ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ಗಂಡನ ಕಡೆ ನೋಡಲಿಲ್ಲ. ದೊಡ್ಡಪ್ಪ ನನ್ನ ಕಡೆ ನೋಡಿದ.

ಆ ನೋಟವನ್ನು ಅಣಕಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.

ಅಡುಗೆಮನೆಗೆ ಹೋಗಿ ಮೆಲ್ಲಗೆ ಕೇಳಿದೆ. “ದೊಡ್ಡವ್ವಾ, ಅದು ಬಾಕ್ಸು ಅಂತ ಗೊತ್ತಿಲ್ಲೇನು ನಿನಗ?”

“ಗೊತ್ತದಲೇ. ನಾನೇನು ಹುಚ್ಚೇನು?” ಒಲೆಯ ಕಡೆ ತಿರುಗಿದಳು. “ಮೊದಲ ಸಲ ಅವರು ಬಳ್ಳಾರಿಗೆ ತಪಾಸಣಿಗೆ ಹೋಗಿದ್ರು. ಮನ್ಯಾಗ ನಾನೊಬ್ಬಾಕಿ. ಹಿತ್ತಲದಾಗ ಅರಿವಿ ಒಗ್ಯಾಕತ್ತಿದ್ದೆ, ಕರೆದ್ರು. ಓಡಿ ಬಂದ್ರ ಕುರ್ಚಿ ಖಾಲಿ. ಎದಿ ಒಡೆದಂಗಾತು. ಆಮ್ಯಾಲೆ ಕರೆಂಟಿಂದು ಅಂತ ತಿಳೀತು. ತಿಳಿದರೂ ಬಾಯಿ ಸುಮ್ನಿರಂಗಿಲ್ಲ ನೋಡು, ಬಂದೆ ಅಂತೈತಿ. ಕರೆದ ಮ್ಯಾಲೆ ಬರಬೇಕಲ್ಲ?”

“ದೊಡ್ಡಪ್ಪ ಅಲ್ಲೇ ಕುಂತಿದ್ದ.”

ಅವಳ ಕೈ ನಿಂತಿತು. “ಹೌದಾ?” ಅಂದಳು.

ಪಡಸಾಲೆಗೆ ಬಂದಾಗ ದೊಡ್ಡಪ್ಪ ಹಾಳೆಯ ಮೇಲೆ ಬರೆದಿಟ್ಟಿದ್ದ. ಪೆನ್ನು ಒತ್ತಿ ಒತ್ತಿ ಹಾಳೆ ಹರಿದಿತ್ತು. ‘ಅದು ನಾನಲ್ಲ. ನಾ ಹಂಗ ಕರೀತಿದ್ದಿಲ್ಲ.’

ಬಾಕ್ಸಿನೊಳಗೆ ಮರೆತಿದ್ದ ಆ ಸಾಲನ್ನು ನಾನು ಅಲ್ಲೇ ಅಳಿಸಿದೆ. ಕರೆಂಟು ಬಂದಾಗ ಕೂಗುವುದು ನಿಂತಿತು. ಆದರೆ ಅವನು ಕೆಂಪು ಬಟನ್ನನ್ನೂ ಮುಟ್ಟಲಿಲ್ಲ. ಹೆಂಡತಿಯನ್ನು ಕರೆಯಬೇಕಾದಾಗ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಅವಳು ತಿರುಗಿ ನೋಡುವ ತನಕ ನಿಂತೇ ಇರುತ್ತಿದ್ದ. ಅಷ್ಟು ನಡೆದರೆ ಅವನಿಗೆ ಏದುಸಿರು ಬರುತ್ತಿತ್ತು. ಸದ್ದಿಲ್ಲದೆ ಬಂದು ಹಿಂದೆ ನಿಂತವನನ್ನು ಕಂಡು ಅವಳು ಬೆಚ್ಚಿ, “ಅಯ್ಯ ಶಿವನೇ, ದೆವ್ವದಂಗ ನಿಲ್ಲಬ್ಯಾಡ್ರೀ!” ಎನ್ನುತ್ತಿದ್ದಳು. ಎರಡು ಸಲ ಹೀಗಾದ ಮೇಲೆ ಅವನು ಕುರ್ಚಿ ಬಿಟ್ಟು ಏಳುವುದನ್ನೂ ನಿಲ್ಲಿಸಿದ. ಇತ್ತ ಕರೆಂಟು ಬಂದಾಗಲೆಲ್ಲ ದೊಡ್ಡವ್ವ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಏನೋ ಕೇಳಬೇಕಾಗಿತ್ತಲ್ಲ ಎಂಬಂತೆ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಇಬ್ಬರ ನಡುವೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಓಡಾಡುತ್ತಿದ್ದವನು ನಾನು, ಕೆನ್ನೆಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು.

ಸರಿ ಮಾಡಿಕೊಡುತ್ತೇನೆ ಎಂದೆ. ಅವನು ನಿಜವಾಗಿ ಹೇಗೆ ಕರೆಯುತ್ತಿದ್ದನೋ ಹಾಗೆಯೇ ಮಾಡಿದರಾಯಿತಲ್ಲ. ದೊಡ್ಡವ್ವನನ್ನು ಕೂರಿಸಿ ಕೇಳಿದೆ.

“ಹೆಂಗ ಕರೀತಿದ್ದ, ನೀನೇ ಅಂದು ತೋರ್ಸು.”

“ಹಿಂಗ…” ಎಂದು ಬಾಯಿ ತೆರೆದಳು. ಅವಳ ಬಾಯಿಂದ ಬಂದದ್ದು ನನ್ನ ಐಟಂ. ಅದೇ ಹಾರ್ನಿನ ಎಳೆತ. ಅವಳಿಗೂ ಗೊತ್ತಾಯಿತು. ಮತ್ತೆ ಪ್ರಯತ್ನಿಸಿದಳು, ಅದೇ ಬಂತು. ಮೂರನೆಯ ಸಲ ತುಟಿ ಅರ್ಧ ತೆರೆದವಳು ಹಾಗೆಯೇ ಕುಳಿತುಬಿಟ್ಟಳು. “ನಲವತ್ತು ವರ್ಸ ಕೇಳೀನಲ್ಲೋ,” ಅಂದಳು. “ಎಲ್ಲಿ ಹೋತು?”

ನಾನು ಗಿರಣಿಗೆ ಹೋದೆ. ಹಮಾಲರು ಚಹಾಕ್ಕೆ ಕೂತಿದ್ದರು. ಅವರಲ್ಲಿ ಹತ್ತಿಪ್ಪತ್ತು ವರ್ಷ ಅವನ ಕೈಕೆಳಗೆ ದುಡಿದವರಿದ್ದರು.

“ನಮ್ಮ ದೊಡ್ಡಪ್ಪ ಹೆಂಗ ಮಾತಾಡ್ತಿದ್ದ, ಸ್ವಲ್ಪ ಮಾಡಿ ತೋರಸ್ರಿ.”

“ಅದರಾಗೇನೈತಿ,” ಎಂದು ಒಬ್ಬ ಎದ್ದು ಕೆನ್ನೆ ಉಬ್ಬಿಸಿದ. ನಾನೇ. ಇನ್ನೊಬ್ಬ, “ನಿನಗ ಬರಂಗಿಲ್ಲ ಕುಂದರಲೇ,” ಎಂದು ಅವನನ್ನು ತಳ್ಳಿ ತಾನು ಶುರು ಮಾಡಿದ. ಅವನೂ ನಾನೇ. ಎಲ್ಲರಿಗಿಂತ ಹಿರಿಯನೊಬ್ಬ ಬೀಡಿ ಆರಿಸಿ, “ಯಾವನೂ ಸರಿಯಾಗಿ ಮಾಡವಲ್ಲಿರಿ. ಮೇಸ್ತ್ರಿ ದನಿ ನಾ ಬಲ್ಲೆ,” ಎಂದು ಗಂಟಲು ಸರಿಪಡಿಸಿಕೊಂಡ. ಕಣ್ಣು ಮುಚ್ಚಿ ಕೂಗಿದ. ಕೂಗಿ, ಕಣ್ಣು ತೆರೆದು, ನನ್ನನ್ನೇ ನೋಡಿದ.

“ಇದು ನಮ್ಮ ಹುಡುಗನ ಮದುವ್ಯಾಗ ನೀ ಮಾಡಿದ್ದಲ್ಲೇನೋ?”

ಯಾರೂ ನಗಲಿಲ್ಲ. ಚಹಾದ ಲೋಟಗಳನ್ನು ಒಂದೊಂದಾಗಿ ತೊಳೆದಿಟ್ಟು ಅವರು ಕೆಲಸಕ್ಕೆ ಎದ್ದರು. ಒಂದು ಊರಿನ ಕಿವಿಯಿಂದ ಒಬ್ಬ ಮನುಷ್ಯನನ್ನು ನಾನು ಪೂರ್ತಿ ಒರೆಸಿ ಹಾಕಿದ್ದೆ, ಪ್ರತಿ ಸಲವೂ ಚಪ್ಪಾಳೆ ತೆಗೆದುಕೊಂಡು.

ದೊಡ್ಡಪ್ಪನ ಎದುರು ಹೋಗಿ ಕುಳಿತೆ. “ಇನ್ನೊಂದ್ಸಲ ಮಾಡ್ತೀನಿ. ಎಳ್ಯಂಗಿಲ್ಲ, ಮೆತ್ತಗ ಮಾಡ್ತೀನಿ. ನೀನು ಕೇಳಿ ಹೇಳು,” ಅಂದೆ.

ಅವನು ಇಲ್ಲವೆಂದು ತಲೆಯಾಡಿಸಿ ಬರೆದ. ‘ನೀ ಬ್ಯಾಡ. ಬಟನ್ ಬದಲಿ ಮಾಡೋದು ಕಲಸು.’

ಕಲಿಸಿದೆ. ಮೆನು ತೆಗೆಯಬೇಕು. ಬಟನ್ ಬದಲಾವಣೆ ಎಂಬಲ್ಲಿಗೆ ಹೋಗಬೇಕು. ಏನು ಆಗಬೇಕು ಎಂಬುದನ್ನು ಆರಿಸಿಕೊಂಡರೆ, ‘ಈಗ ಬಟನ್ ಒತ್ತಿ’ ಎಂದು ಪರದೆ ಐದು ಎಣಿಸುತ್ತದೆ. ಅಷ್ಟರೊಳಗೆ ಬೇಕಾದ ಬಟನ್ನು ಒತ್ತಬೇಕು. ಮೊದಲ ದಿನ ಅವನು ದನಿ ತಗ್ಗಿಸುವ ಬಟನ್ನಿಗೆ ಏನು ಮಾಡಿದನೋ, ಪರದೆಯ ತುಂಬ ಯಾವುದೋ ದೇಶದ ಲಿಪಿ ಬಂತು. “ದೊಡ್ಡಪ್ಪ ಫಾರಿನ್ನಿಗೆ ಹ್ವಾದ,” ಎಂದೆ. ತೊಡೆಗೆ ಒಂದು ಏಟು ಬಿತ್ತು. ಎರಡನೆಯ ದಿನ ಟಿವಿ ತಲೆಕೆಳಗಾಯಿತು. ಅವನು ಬಿಡಲಿಲ್ಲ. ಹುಬ್ಬು ಗಂಟಿಕ್ಕಿ, ಹೆಬ್ಬೆರಳನ್ನು ಬಟನ್ನಿನ ಮೇಲೆ ಮೊದಲೇ ಇಟ್ಟುಕೊಂಡು, ಪರದೆಯ ಎಣಿಕೆಗೆ ಕಾಯುತ್ತಿದ್ದ. ಅವನು ಏನು ಮಾಡಬೇಕೆಂದಿದ್ದಾನೆ ಎಂದು ನಾನು ಕೇಳಿದರೆ ಅಂಗೈ ಅಡ್ಡ ಹಿಡಿದು, ನಿನ್ನ ಕೆಲಸ ನೋಡಿಕೋ ಎಂಬಂತೆ ಆಡಿಸುತ್ತಿದ್ದ.

ಆ ವಾರದ ಕೊನೆಗೆ ದೋಣಿಮಲೈಯಲ್ಲಿ ನನ್ನದೊಂದು ಪ್ರೋಗ್ರಾಮಿತ್ತು. ಗಣಿ ಕ್ವಾರ್ಟರ್ಸಿನವರ ನಿವೃತ್ತಿ ಸಮಾರಂಭ. ಕಂಡಕ್ಟರು, ಗೈಡು, ಎಮ್ಮೆ ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು, “ಆ ಕಂಪ್ಲಿ ದೊಡ್ಡಪ್ಪಂದು ಮಾಡಪಾ!” ಅಭ್ಯಾಸಬಲ ನೋಡಿ, ಬೇಡವೆಂದುಕೊಂಡರೂ ಬಾಯಿ ತೆರೆದೆ. ಮೈಕಿನಲ್ಲಿ ಹೊರಟ ದನಿಯನ್ನು ನಾನೇ ಕೇಳಿದೆ. ಗೋಡೆಯ ಸ್ಪೀಕರು ಉಸಿರು ಹಿಡಿಯುವ ಜಾಗದಲ್ಲೇ ನಾನೂ ಉಸಿರು ಹಿಡಿದಿದ್ದೆ. ದೊಡ್ಡಪ್ಪನನ್ನಲ್ಲ, ನಾನು ಆ ರೆಕಾರ್ಡಿಂಗನ್ನು ಅಣಕಿಸುತ್ತಿದ್ದೆ. ಹಾಗಾದರೆ ಆ ರೆಕಾರ್ಡಿಂಗು ಯಾರನ್ನು ಅಣಕಿಸುತ್ತಿತ್ತು? ಅರ್ಧಕ್ಕೇ ನಿಲ್ಲಿಸಿ, ಮೈಕು ಕೈಕೊಟ್ಟಿತು ಎಂದು ಸುಳ್ಳು ಹೇಳಿ ಇಳಿದೆ. ಸಂಡೂರಿನ ಗುಡ್ಡ ಇಳಿಯುವ ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ‘ಹೊಸಪೇಟೆ’ ಎಂದು ಹೇಳುವ ಮುಂಚೆ ಯಾರ ದನಿ ಬರುತ್ತದೋ ಎಂದು ಹೆದರಿದೆ.

ಹದಿನೈದು ದಿನ ಬಿಟ್ಟು ಕಂಪ್ಲಿಗೆ ಹೋದೆ. ಬಾಗಿಲು ದಾಟುತ್ತಲೇ “ಬರ್ರಿ, ಬರ್ರಿ, ಕುಂದ್ರಿ,” ಎಂದಿತು ಗೋಡೆ. ದೊಡ್ಡಪ್ಪ ರಿಮೋಟು ತೋರಿಸಿ ಹುಬ್ಬು ಹಾರಿಸಿದ. ಅದನ್ನು ಉಳಿಸಿಕೊಂಡಿದ್ದ. ‘ಮಂದಿಗೆ ಸಾಕು ನಿಂದು’ ಎಂದು ಬರೆದು ತೋರಿಸಿದ.

ಟಿವಿಯಲ್ಲಿ ಧಾರಾವಾಹಿ ಜೋರಾಗಿ ನಡೆದಿತ್ತು. ದೊಡ್ಡವ್ವ ಒಳಗೆ ರೊಟ್ಟಿ ತಟ್ಟುತ್ತ ಅದನ್ನು ಕಿವಿಯಿಂದಲೇ ನೋಡುತ್ತಿದ್ದಳು. ಸೊಸೆಯೊಬ್ಬಳು ಇನ್ನೇನು ಗುಟ್ಟು ಬಿಡಬೇಕು, ದೊಡ್ಡಪ್ಪ ಕೆಂಪು ಬಟನ್ನು ಒತ್ತಿದ.

ಎಲ್ಲ ನಿಂತಿತು. ಚಿತ್ರ ನಿಂತಿತು, ಮಾತು ನಿಂತಿತು, ಹಿನ್ನೆಲೆಯ ಪಿಟೀಲೂ ನಿಂತಿತು. ಇಡೀ ಮನೆ ಬಾಯಿ ಮುಚ್ಚಿಕೊಂಡಿತು. ರೊಟ್ಟಿ ತಟ್ಟುವ ಸದ್ದೂ ಎರಡು ಏಟಾಗಿ ನಿಂತಿತು. ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ದೊಡ್ಡವ್ವ ಹೊರಗೆ ಬಂದಳು.

“ಯಾಕ್ರೀ ನಿಂದ್ರಸ್ತೀರಿ? ಈಗ ಹೇಳಾಕತ್ತಿದ್ಲು ಆಕಿ!”

ಕುರ್ಚಿಯೆದುರು ಬಂದು ನಿಂತಳು. ಗೋಡೆಯಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ, ಹಾಗಾಗಿ ಗಂಡನ ಮುಖ ನೋಡಿದಳು. ದೊಡ್ಡಪ್ಪ ತುಟಿ ಆಡಿಸಿದ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ, ಅವನ ತುಟಿಯನ್ನೇ ನೋಡಿದಳು. “ಏನ? ಬಿಸಿಲು? ಹಾಂ, ಕಿಟಕಿ. ಕಿಟಕಿ ಹಾಕಂತೀರೇನು? ಅದಕ್ಕ ನನ್ನ ಧಾರಾವಾಹಿ ಕೆಡಿಸಬೇಕಾ?” ಕಿವುಡರೊಂದಿಗೆ ಮಾತಾಡುವಂತೆ ಕೂಗಿ ಕೂಗಿ ಹೇಳುತ್ತಿದ್ದಳು. ದೊಡ್ಡಪ್ಪ ಕಿವಿ ಮುಟ್ಟಿ ತೋರಿಸಿ, ನನಗೆ ಕೇಳಿಸುತ್ತದೆ ಮಾರಾಯ್ತಿ ಎಂಬಂತೆ ಕೈಮುಗಿದ. ಕಿಟಕಿ ನನ್ನ ಪಕ್ಕದಲ್ಲೇ ಇತ್ತು. ನನಗೆ ಹೇಳಿದ್ದರೆ ನಾನೇ ಹಾಕುತ್ತಿದ್ದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

ಇದು ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಹಾಯಾಗಿದ್ದೆ. ಆದರೆ ಮೊನ್ನೆ ಮಧ್ಯಾಹ್ನ ಹಂಪಿಯ ಹತ್ತಿರದ ಒಂದು ಹೋಂಸ್ಟೇಯಲ್ಲಿ ಏಣಿ ಹತ್ತಿ ಟಿವಿಯ ಬ್ರಾಕೆಟ್ಟು ಬಿಗಿಯುತ್ತಿದ್ದಾಗ ದೊಡ್ಡವ್ವನ ಫೋನು ಬಂತು. ಹಿಂದೆ ಧಾರಾವಾಹಿಯ ಗದ್ದಲ. ಊಟ ಆಯಿತೇ ಎಂದಳು. ಅವ್ವ ಹೇಗಿದ್ದಾಳೆ ಎಂದಳು. ಹಿತ್ತಲಿನ ನುಗ್ಗೆಯ ಸುದ್ದಿ ಹೇಳಿದಳು. ಫೋನಿಡುತ್ತಾಳೆ ಎಂದುಕೊಂಡೆ, ಇಡಲಿಲ್ಲ. ದನಿ ತಗ್ಗಿಸಿದಳು.

“ಲೇ, ಒಮ್ಮೆ ಅದನ್ನ ಅನ್ನಲೇ.”

“ಯಾವುದನ್ನ ದೊಡ್ಡವ್ವಾ?”

“ಅದಽ. ಕರೆಯೋದು. ಒಂದಽ ಸಲ. ಅವರಿಗೆ ಕೇಳಂಗಿಲ್ಲ, ನಾ ಅಡಗಿಮನ್ಯಾಗ ಅದೀನಿ.”

ನನ್ನ ಒಂದು ಕೈಯಲ್ಲಿ ಸ್ಕ್ರೂಡ್ರೈವರಿತ್ತು. ನಾಲಿಗೆ ತಾನಾಗಿಯೇ ಕೆನ್ನೆಯ ಕಡೆ ಸರಿಯಿತು, ಮಾತಿಗೆ ಜಾಗ ಮಾಡಿಕೊಡಲು. ಇಷ್ಟು ಸುಲಭದ ಕೆಲಸ ನನಗೆ ಇನ್ನೊಂದಿಲ್ಲ. ದುಡ್ಡಿಲ್ಲದೆ, ಸ್ಟೇಜಿಲ್ಲದೆ, ನಿದ್ದೆಗಣ್ಣಲ್ಲೂ ಮಾಡುತ್ತೇನೆ. ಅದು ಅವಳ ಗಂಡನ ದನಿಯಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ಹತ್ತಿರ ಬೇರೆಯದು ಉಳಿದಿಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಹಿಂದೆ ಧಾರಾವಾಹಿಯವಳು ಯಾರಿಗೋ ಶಾಪ ಹಾಕುತ್ತಿದ್ದಳು.

“ಗಂಟಲು ಕೆಟ್ಟೈತಿ ದೊಡ್ಡವ್ವಾ,” ಅಂದೆ. “ಥಂಡಿ ಹಿಡದೈತಿ. ದನಿನಽ ಬರವಲ್ದು.”

“ಮೆಣಸಿನ ಕಷಾಯ ಕುಡಿ,” ಅಂದಳು. ಇನ್ನೇನೋ ಹೇಳಲು ಉಸಿರೆಳೆದುಕೊಂಡಳು. ಆಗ ಫೋನಿನೊಳಗೆ ಎಲ್ಲ ಸದ್ದು ಒಮ್ಮೆಗೇ ನಿಂತುಹೋಯಿತು. ಲೈನು ಕಟ್ಟಾಯಿತೇನೋ ಎಂದು ನಾನು ಪರದೆ ನೋಡಿದೆ. ಕಟ್ಟಾಗಿರಲಿಲ್ಲ.

“ತಡಿ, ಕರಿಯಾಕತ್ತಾರ,” ಎಂದಳು ದೊಡ್ಡವ್ವ. “ಬಂದೇರೀ!”

ಫೋನನ್ನು ಕೈಯಲ್ಲಿ ಹಿಡಿದೇ ಹೋಗಿರಬೇಕು. ಬಳೆಯ ಸದ್ದು, ಹತ್ತು ಹೆಜ್ಜೆ, ಆಮೇಲೆ ಮತ್ತೆ ಅದೇ ಮೌನ. “ಏನಂದ್ರಿ? ತುಟಿ ಸರಿಯಾಗಿ ಆಡಸ್ರಿ.” ಸ್ವಲ್ಪ ಹೊತ್ತು ಏನೂ ಇಲ್ಲ. “ಯಾರ ಜೋಡಿ ಅಂದ್ರ, ನಿಮ್ಮ ತಮ್ಮನ ಮಗನ ಜೋಡಿ.” ಮತ್ತೆ ಏನೂ ಇಲ್ಲ. ಆಮೇಲೆ ಅವಳು ನಕ್ಕಳು, ಮದುವೆ ಮನೆಗಳಲ್ಲಿ ನಾನು ಯಾವತ್ತೂ ಕೇಳಿರದ ಒಂದು ಸಣ್ಣ ನಗು. “ಥೂ, ಸುಮ್ನಿರ್ರಿ, ಫೋನ್ಯಾಗ ಅದಾನ ಅವ.”

ಅವನು ಏನಂದನೋ ನನಗೆ ಗೊತ್ತಾಗಲಿಲ್ಲ. ಏಣಿಯ ಮೇಲೆ ನಿಂತುಕೊಂಡೇ ಫೋನು ಕಟ್ ಮಾಡಿದೆ.